ಕುವೈತ್ ವೀಸಾದಲ್ಲಿ ಮೊದಲು ನೋಡಬೇಕಾದ ಸಂಖ್ಯೆ

ಈ ಸಲ ಕುವೈತ್ ಬಗ್ಗೆ ಮಾತಾಡ್ತೇನೆ. ಅದಕ್ಕೆ ಕಾರಣ ನನ್ನ ಚಿಕ್ಕಪ್ಪನ ಮಗ.

ನಮ್ಮೂರು ಅಂಕೋಲಾ ತಾಲೂಕಿನ ಹಿಲ್ಲೂರು. ಹೋದ ತಿಂಗಳು ಅಲ್ಲಿಂದ ಅವನ ಫೋನ್ ಬಂತು. "ಅಣ್ಣ, ಕುವೈತ್‌ನಲ್ಲಿ ಸೂಪರ್ ಮಾರ್ಕೆಟ್ ಕೆಲಸ. ತಿಂಗಳಿಗೆ 100 ದಿನಾರ್. ಏಜೆಂಟ್‌ಗೆ ಒಂದೂವರೆ ಲಕ್ಷ ಕೊಡ್ಬೇಕು. ಅಮ್ಮ ಬಂಗಾರ ಅಡ ಇಡ್ತೇನೆ ಅಂತಾಳೆ." ವಾಟ್ಸಾಪ್‌ನಲ್ಲಿ ವೀಸಾದ ಫೋಟೋನೂ ಕಳಿಸಿದ. ಆರು ವರ್ಷ ಅಲ್ಲಿ ಇದ್ದು ಬಂದವನು ನಾನು. ಫೋಟೋದಲ್ಲಿ ಒಂದು ಸಂಖ್ಯೆ ನೋಡಿ ಸುಮ್ಮನಾದೆ. ಅದಕ್ಕೆ ಆಮೇಲೆ ಬರ್ತೇನೆ. ಆ ಸಂಖ್ಯೆ ಅರ್ಥ ಆಗಬೇಕಾದರೆ ಆ ದೇಶ ಎಂಥದ್ದು ಅಂತ ಸ್ವಲ್ಪ ಗೊತ್ತಿರಬೇಕು.

ಕುವೈತ್ ಸಣ್ಣ ದೇಶ. 17,818 ಚದರ ಕಿಲೋಮೀಟರ್, ಅಂದ್ರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಒಂದೂಮುಕ್ಕಾಲು ಪಟ್ಟು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಗಂಗಾವಳಿ ಉಕ್ಕಿ ಮನೆಯೊಳಗೆ ಬರೋದನ್ನ ನೋಡಿ ಬೆಳೆದವನಿಗೆ ಇದನ್ನ ನಂಬೋದೇ ಕಷ್ಟ. 2016ರ ಜುಲೈ 21ರಂದು ಅಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಬಿಸಿಲು ದಾಖಲಾಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ನಿಯಮವೇ ಇದೆ. ಕುಡಿಯುವ ನೀರು ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು. ಹಿಂದೆ ಆ ನೀರೂ ಇರಲಿಲ್ಲ, ಇರಾಕ್ ಕಡೆಯ ಶತ್ ಅಲ್ ಅರಬ್ ನದಿಯಿಂದ ದೋಣಿಯಲ್ಲಿ ತರ್ತಿದ್ರು.

ಆ ಕಾಲದಲ್ಲಿ ಅವರ ಬದುಕು ಮುತ್ತು ಮತ್ತು ಹಡಗು. ಬಸ್ರಾದ ಖರ್ಜೂರ ತುಂಬಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬರ್ತಿದ್ರು, ಹಡಗು ಕಟ್ಟಲಿಕ್ಕೆ ಮಲಬಾರಿನ ಸಾಗುವಾನಿ ಒಯ್ತಿದ್ರು. ಮರಳುಗಾಡಲ್ಲಿ ಮರ ಎಲ್ಲಿ ಸಿಗಬೇಕು ಹೇಳಿ? 1930ರ ದಶಕದಲ್ಲಿ ಜಪಾನಿನವರು ಬೆಳೆಸಿದ ಮುತ್ತು ಬಂದು ಅವರ ಮುತ್ತಿನ ವ್ಯಾಪಾರ ಮುರಿದುಬಿತ್ತು. 1938ರಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ಹೊರದೇಶಕ್ಕೆ ಹೋಗಲು ಶುರುವಾಯಿತು.

ಈ ಮಾತು ಹೇಳಿದರೆ ಯಾರೂ ನಂಬಲ್ಲ: 1961ರವರೆಗೆ ಕುವೈತ್‌ನಲ್ಲಿ ನಡೀತಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆ ಅಂತ ಬೇರೆಯೇ ನೋಟು ಅಚ್ಚು ಹಾಕಿತ್ತು. ದಿನಾರ್ ಬಂದಾಗ ಒಂದು ದಿನಾರಿಗೆ ಹದಿಮೂರು ರೂಪಾಯಿ ಚಿಲ್ಲರೆ ಲೆಕ್ಕ. ಈಗ ಇನ್ನೂರೈವತ್ತರ ಮೇಲೆ. ನಮ್ಮ ಹುಡುಗರಿಗೆ ಮೋಸ ಆಗೋದು ಇಲ್ಲೇ. ದಿನಾರ್ ಭಾರಿ ದುಬಾರಿ, ಹಾಗಾಗಿ ಸಂಬಳನೂ ಭಾರಿ ಅಂದ್ಕೊಳ್ತಾರೆ. 100 ದಿನಾರ್ ಅಂದ್ರೆ 25 ಸಾವಿರ ರೂಪಾಯಿಯ ಮೇಲೆ, ಅಷ್ಟೇ.

ಎಣ್ಣೆಯ ದುಡ್ಡಲ್ಲಿ ಅವರು ಬುದ್ಧಿವಂತಿಕೆಯನ್ನೂ ಮಾಡಿದ್ದಾರೆ, ಅದನ್ನ ಒಪ್ಪಬೇಕು. ಮುಂದಿನ ಪೀಳಿಗೆಗೆ ಅಂತ 1976ರಲ್ಲೇ ನಿಧಿ ಮಾಡಿ, ಸರ್ಕಾರದ ಆದಾಯದ ಹತ್ತನೇ ಒಂದು ಪಾಲು ಅದಕ್ಕೆ ಇಡ್ತಾ ಬಂದರು. ಪ್ರಜೆಗಳಿಗೆ ಆದಾಯ ತೆರಿಗೆ ಇಲ್ಲ, ದುಡಿಯುವವರಲ್ಲಿ ಹೆಚ್ಚಿನವರು ಸರ್ಕಾರಿ ನೌಕರರು. ಆದರೆ ಪ್ರಜೆ ಯಾರು? ಸುಮಾರು 50 ಲಕ್ಷ ಜನರಲ್ಲಿ ಕುವೈತಿಗಳು ಮೂರನೇ ಒಂದು ಭಾಗವೂ ಇಲ್ಲ. ಭಾರತೀಯರೇ ಸುಮಾರು 10 ಲಕ್ಷ. ಅಲ್ಲೇ ಹುಟ್ಟಿ ಬೆಳೆದೂ ಪೌರತ್ವ ಸಿಗದ 'ಬಿದೂನ್' ಜನ ಇದ್ದಾರೆ. ಬಿದೂನ್ ಅಂದ್ರೆ 'ಇಲ್ಲದೆ' ಅಂತ ಅರ್ಥ. ಅವರಿಗೇ ಇಲ್ಲ ಅಂದ್ಮೇಲೆ ನಮಗೆಲ್ಲಿ? ಮೂವತ್ತು ವರ್ಷ ದುಡಿದರೂ ಪರವಾನಗಿ ಮುಗಿದ ದಿನ ಪೆಟ್ಟಿಗೆ ಕಟ್ಟಬೇಕು. 1990ರ ಆಗಸ್ಟ್‌ನಲ್ಲಿ ಸದ್ದಾಂ ಹುಸೇನ್ ನುಗ್ಗಿದಾಗ ಪೆಟ್ಟಿಗೆ ಕಟ್ಟಲಿಕ್ಕೂ ಪುರುಸೊತ್ತು ಇರಲಿಲ್ಲ. 1.7 ಲಕ್ಷಕ್ಕೂ ಹೆಚ್ಚು ಭಾರತೀಯರನ್ನ ವಿಮಾನದಲ್ಲಿ ವಾಪಸ್ ಕರ್ಕೊಂಡು ಬರಬೇಕಾಯ್ತು.

ಅಲ್ಲಿರುವ ವಿದೇಶಿಯ ಬದುಕು ಅವನ ಪರವಾನಗಿಯಲ್ಲಿ ಯಾವ ಕಲಮು ಬರೆದಿದೆ ಅನ್ನೋದರ ಮೇಲೆ ನಿಂತಿದೆ. 18 ಅಂದ್ರೆ ಖಾಸಗಿ ಕಂಪನಿಯ ಕೆಲಸ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, 2010ರ ಕಾರ್ಮಿಕ ಕಾನೂನು ಲಾಗೂ. 20 ಅಂದ್ರೆ ಮನೆಗೆಲಸ: ಅಡುಗೆ, ಡ್ರೈವಿಂಗ್, ಮಕ್ಕಳನ್ನ ನೋಡ್ಕೊಳ್ಳೋದು. ಅದಕ್ಕೆ 2015ರ ಬೇರೆ ಕಾನೂನು, ದಿನಕ್ಕೆ ಹನ್ನೆರಡು ಗಂಟೆವರೆಗೆ ದುಡಿಸಬಹುದು. ಕೆಲಸದ ಜಾಗ ಒಬ್ಬರ ಮನೆ, ಬಾಗಿಲು ಹಾಕಿದ ಮೇಲೆ ಒಳಗೆ ಗಂಟೆ ಎಣಿಸೋರು ಯಾರು?

ನನ್ನ ತಮ್ಮನ ವೀಸಾದಲ್ಲಿ ಇದ್ದದ್ದು 20.

"ಸೂಪರ್ ಮಾರ್ಕೆಟ್ ಅಲ್ಲ ತಮಾ, ಇದು ಯಾರದೋ ಮನೆ" ಅಂದೆ. ಅವನು ಏಜೆಂಟ್‌ನ ಕೇಳಿದ. "ಅಲ್ಲಿ ಹೋದ ಮೇಲೆ 18 ಮಾಡ್ಕೋಬಹುದು" ಅಂದನಂತೆ. 2024ರಲ್ಲಿ ಜುಲೈ ಮಧ್ಯದಿಂದ ಎರಡು ತಿಂಗಳು ಸರ್ಕಾರ ಹಾಗೆ ಬದಲಾಯಿಸಲು ಬಾಗಿಲು ತೆರೆದಿತ್ತು, ನಿಜ. ಆಮೇಲೆ ಮುಚ್ಚಿತು. ಅಂಥ ಬಾಗಿಲು ಮತ್ತೆ ಯಾವಾಗ ತೆರೆಯುತ್ತೋ ಅಂತ ನಂಬಿ ಬಂಗಾರ ಅಡ ಇಡೋಕಾಗುತ್ತಾ? ನಾನು 18ರಲ್ಲೇ ಇದ್ದವನು. ಅಜ್ಜಿ ತೀರಿಕೊಂಡಾಗ ಮಾಲೀಕರ ಕಪಾಟಿನಿಂದ ನನ್ನ ಪಾಸ್‌ಪೋರ್ಟ್ ಹೊರಗೆ ಬರಲು ಐದು ದಿನ ಹಿಡೀತು. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. ನಮ್ಮ ಮನೆಯ ಸಾಲ ತೀರಿದ್ದು ಅದೇ ದಿನಾರಿಂದ. ಆದರೆ ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಹಾಗಾಗಿ ಅವನ ಪಾಸ್‌ಪೋರ್ಟ್ ಇಸಿಆರ್. ಅಂಥವರು ಕುವೈತ್‌ಗೆ ಕೆಲಸಕ್ಕೆ ಹೋಗಲು ಕೇಂದ್ರ ಸರ್ಕಾರದ ವಲಸೆ ಅನುಮತಿ ಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟ್ ನೋಂದಣಿ ಆಗಿದ್ದಾನಾ ಅಂತ ಮೊಬೈಲ್‌ನಲ್ಲೇ ನೋಡಬಹುದು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30 ಸಾವಿರ ಮತ್ತು ಜಿಎಸ್‌ಟಿ. ಇವನು ಕೇಳಿದ್ದು ಒಂದೂವರೆ ಲಕ್ಷ. ಪೋರ್ಟಲ್‌ನಲ್ಲಿ ಹುಡುಕಿದೆವು, ಅವನ ಹೆಸರು ಸಿಗಲಿಲ್ಲ.

ಮೊನ್ನೆ ಚಿಕ್ಕಮ್ಮನೇ ಫೋನ್ ಮಾಡಿದ್ದರು. ಬಂಗಾರ ಇನ್ನೂ ಮನೆಯಲ್ಲೇ ಇದೆಯಂತೆ. ತಮ್ಮ ಮಾತ್ರ ನನ್ನ ಮೇಲೆ ಸಿಟ್ಟಾಗಿದ್ದಾನೆ, ವಾಟ್ಸಾಪ್‌ಗೆ ಉತ್ತರ ಕೊಡ್ತಿಲ್ಲ. 18ರ ವೀಸಾ ಬಂದರೆ ನಾನೇ ವಿಮಾನ ಹತ್ತಿಸ್ತೇನೆ ಅಂತ ಬರೆದು ಹಾಕಿದ್ದೇನೆ. ಎರಡು ನೀಲಿ ಗೆರೆ ಬಂದಿದೆ.