ತ್ರೀ ನಾಟ್ ತ್ರೀಯ ಹುಟ್ಟೂರು ಯಾವುದು?



'ತ್ರೀ ನಾಟ್ ತ್ರೀ' ಎಂಬ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ನಿಮ್ಮಲ್ಲಿ ಕೆಲವರಿಗೆ ಎನ್.ಸಿ.ಸಿ. ಶಿಬಿರದಲ್ಲಿ ಅದರ ಹಿನ್ನೂಕು ಭುಜಕ್ಕೆ ತಾಕಿರಬಹುದು. ಠಾಣೆಯ ಮುಂದೆ ಪೊಲೀಸರ ಹೆಗಲ ಮೇಲೆ ಅದನ್ನು ನೋಡಿದವರಂತೂ ಬಹಳ. ಅದರ ನಿಜನಾಮ ಲೀ-ಎನ್‌ಫೀಲ್ಡ್. 'ಬ್ರಿಟಿಷರ ಕಾಲದ್ದು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಆ ಮಾತು ಎಲ್ಲ ಬಂದೂಕಿಗೂ ಹೊಂದುವುದಿಲ್ಲ.

ಹಾಗಾದರೆ ಹುಟ್ಟೂರು ತಿಳಿಯುವುದು ಹೇಗೆ? ಬೋಲ್ಟಿನ ಹಿಡಿಯ ಕೆಳಗೆ, ಮರದ ಬಟ್ ಬಂದು ಸೇರುವ ಕಡೆ, ಒಂದು ಉಕ್ಕಿನ ಪಟ್ಟಿ ಇದೆ. ಅದರ ಬಲಬದಿಯೇ ಬಂದೂಕಿನ ಜಾತಕ. ಮೇಲೆ ಕಿರೀಟ, ಕೆಳಗೆ ರಾಜನ ಹೆಸರಿನ ಅಕ್ಷರ, ಕಾರ್ಖಾನೆ, ಇಸವಿ, ಮಾದರಿ. ಎನ್‌ಫೀಲ್ಡ್, ಬಿ.ಎಸ್.ಎ. ಎಂದಿದ್ದರೆ ಇಂಗ್ಲೆಂಡು, ಲಿತ್‌ಗೋ ಎಂದಿದ್ದರೆ ಆಸ್ಟ್ರೇಲಿಯಾ. ಜಿ.ಆರ್.ಐ. ಎಂಬ ಮೂರಕ್ಷರದ ಜೊತೆ ಇಷಾಪುರದ ಹೆಸರಿದ್ದರೆ ಅದು ಬಂಗಾಳದ ಕೂಸು. ಆ ಕೊನೆಯ 'ಐ' ಎಂದರೆ ಇಂಪರೇಟರ್, ಚಕ್ರವರ್ತಿ! ಸ್ವಾತಂತ್ರ್ಯದ ನಂತರ ಕಿರೀಟ ಹೋಯಿತು, ಅದೇ ಜಾಗಕ್ಕೆ ಅಶೋಕನ ಸಿಂಹಗಳು ಬಂದವು.

1962ರ ಚೀನಾ ಯುದ್ಧದ ನಂತರ ಇಷಾಪುರದಲ್ಲಿ ಇದೇ ರೂಪದ 7.62 ಮಿಲಿಮೀಟರ್ ರೈಫಲ್ ತಯಾರಾಯಿತು. ಹೆಸರು 2ಎ. ಹಳೆಯ ಬಂದೂಕನ್ನೇ ತಿದ್ದಿದ್ದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಇನ್ನೂ ಗಟ್ಟಿಯಾದ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ್ದು. ಚೌಕಾಕಾರದ ಮ್ಯಾಗಜಿನ್ ನೋಡಿದರೆ ಸಾಕು, ಗುರುತು ಸಿಗುತ್ತದೆ.

ಆದರೆ ಒಂದೇ ಗುರುತನ್ನು ನಂಬಬೇಡಿ. ರಿಪೇರಿಯಲ್ಲಿ ಒಂದರ ಬೋಲ್ಟು ಇನ್ನೊಂದಕ್ಕೆ ಸೇರಿರುತ್ತದೆ. ಬೋಲ್ಟು, ನಳಿಗೆ, ಒಡಲು, ಮೂರರ ಸಂಖ್ಯೆಯೂ ಒಂದೇ ಆಗಿದೆಯೇ ನೋಡಿ. ಮೊನೆಗೆ ಮೊನೆ ತಾಗಿದ ಎರಡು ಬಾಣಗಳಿದ್ದರೆ, ಬ್ರಿಟಿಷ್ ಸರ್ಕಾರ ಅದನ್ನು ಸೇವೆಯಿಂದ ತೆಗೆದು ಮಾರಿದೆ ಎಂದರ್ಥ. 'ಡಿ.ಪಿ.' ಎಂದಿದ್ದರೆ ಅದು ಕವಾಯತಿಗೆ ಮಾತ್ರ, ಗುಂಡು ಹಾರಿಸುವುದಕ್ಕಲ್ಲ.

ಇದೆಲ್ಲ ಹಳೆಯ ಸಾಮಾನಿನ ಹವ್ಯಾಸವಷ್ಟೇ ಅಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬೈನ ಸಿ.ಎಸ್.ಟಿ. ನಿಲ್ದಾಣದಲ್ಲಿ ಎ.ಕೆ. ರೈಫಲ್‌ಗಳಿಗೆ ಎದುರಾಗಿ ಕೆಲವು ಪೊಲೀಸರ ಕೈಯಲ್ಲಿದ್ದದ್ದು ಇದೇ ತ್ರೀ ನಾಟ್ ತ್ರೀ. ಒಂದು ಗುಂಡು ಹಾರಿಸಿ, ಬೋಲ್ಟು ಎಳೆದು, ಮತ್ತೆ ಗುರಿ ಇಡಬೇಕು. ಉಕ್ಕಿನ ಮೇಲಿನ ಆ ಇಸವಿ ಎಷ್ಟು ಹಳೆಯದು ಎಂಬುದು ಆ ರಾತ್ರಿ ಜೀವದ ಪ್ರಶ್ನೆಯಾಗಿತ್ತು. ಉತ್ತರ ಪ್ರದೇಶದ ಪೊಲೀಸರು ಈ ರೈಫಲಿಗೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಕೊನೆಯದಾಗಿ ಒಂದು ಮಾತು. ಊರಿನ ಅಟ್ಟದಲ್ಲಿ ಅಜ್ಜನ ಕಾಲದ ಬಂದೂಕು ಸಿಕ್ಕರೆ ಗುಂಡು ತುಂಬಿ ನೋಡಲು ಹೋಗಬೇಡಿ. ಪರವಾನಗಿ ಇಲ್ಲದ್ದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಮೊದಲು ಠಾಣೆಗೆ ತಿಳಿಸಿ. ಜಾತಕ ಆಮೇಲೆ ಓದೋಣ.