ಸೊರಬದ ಮತದಾರರು ಮತ್ತು ಒಂದು ಮನೆತನ

(ಪದವಿ ವಿದ್ಯಾರ್ಥಿಗಳ ವಿಚಾರಗೋಷ್ಠಿಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ನಾನಿನ್ನೂ ಹುಟ್ಟಿರಲಿಲ್ಲ. ನೀವಂತೂ ಹುಟ್ಟಿರಲು ಸಾಧ್ಯವೇ ಇಲ್ಲ. ಆದರೆ ಶಿವಮೊಗ್ಗ ಜಿಲ್ಲೆಯ ಸೊರಬದಲ್ಲಿ 1967ರಿಂದ 2023ರವರೆಗೆ ನಡೆದ ಪ್ರತಿಯೊಂದು ವಿಧಾನಸಭಾ ಚುನಾವಣೆಯಲ್ಲೂ ಆ ಮನೆಯವರು ಕಣದಲ್ಲಿದ್ದರು. ಮನೆತನದ ಹೆಸರು ಒಬ್ಬ ರಾಜಕಾರಣಿಗೆ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬ ಪ್ರಶ್ನೆಗೆ ಬಂಗಾರಪ್ಪನವರ ಕಿರಿಯ ಮಗ ಮಧು ಬಂಗಾರಪ್ಪನವರ ರಾಜಕೀಯ ಜೀವನ ಒಳ್ಳೆಯ ಉದಾಹರಣೆ. ಆದರೆ ಕಥೆಯನ್ನು ತಂದೆಯಿಂದಲೇ ಆರಂಭಿಸಬೇಕು.

ಸೊರಬದ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಆರಿಸಿಬಂದರು. ಆ ಹೋರಾಟ ಹದಗೊಳಿಸಿದ ನೆಲದಲ್ಲಿ ಬೆಳೆದವರು ಸೊರಬ ತಾಲ್ಲೂಕಿನ ಕುಬಟೂರಿನ ಬಂಗಾರಪ್ಪ. 1967ರಲ್ಲಿ ಸಮಾಜವಾದಿ ಹುರಿಯಾಳಾಗಿ ಗೆದ್ದ ಅವರು 1994ರವರೆಗೆ ಸತತ ಏಳು ಬಾರಿ ಸೊರಬದಿಂದ ಆಯ್ಕೆಯಾದರು. ಸಮಾಜವಾದಿ ಪಕ್ಷ, ಕಾಂಗ್ರೆಸ್, ಜನತಾ ಪಕ್ಷ, ಮತ್ತೆ ಕಾಂಗ್ರೆಸ್, ಕಡೆಗೆ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷ. ಬಾವುಟಗಳು ಬದಲಾದವು, ಗೆಲ್ಲುವ ಮನುಷ್ಯ ಬದಲಾಗಲಿಲ್ಲ. ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲೂ ಹಾಗೆಯೇ. 1996, 1999, 2004 ಮತ್ತು 2005ರ ಉಪಚುನಾವಣೆ ಹೀಗೆ ನಾಲ್ಕು ಬಾರಿ ಗೆದ್ದರು, ನಾಲ್ಕು ಬೇರೆ ಬೇರೆ ಪಕ್ಷಗಳಿಂದ!

ಇದನ್ನು ಬರೀ ಜನಮರುಳು ಎಂದು ತಳ್ಳಿಹಾಕುವಂತಿಲ್ಲ. 1990ರ ಅಕ್ಟೋಬರಿನಿಂದ 1992ರ ನವೆಂಬರಿನವರೆಗೆ ಮುಖ್ಯಮಂತ್ರಿಯಾಗಿದ್ದಾಗ ಅವರು ಸೂರಿಲ್ಲದವರಿಗೆ ಮನೆ ಕಟ್ಟಿಕೊಡುವ ಆಶ್ರಯ, ದೇವಾಲಯಗಳ ಜೀರ್ಣೋದ್ಧಾರದ ಆರಾಧನಾ, ಗ್ರಾಮೀಣ ಕಸುಬುಗಳಿಗೆ ನೆರವಾಗುವ ವಿಶ್ವ ಯೋಜನೆಗಳನ್ನು ತಂದರು. ರೈತರ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಟ್ಟರು. ಎಡವಿದ್ದೂ ಉಂಟು. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ವಿರುದ್ಧ ಹೊರಡಿಸಿದ ಸುಗ್ರೀವಾಜ್ಞೆ ಸಂವಿಧಾನಬಾಹಿರವೆಂದು ಅದೇ ವರ್ಷ ಸುಪ್ರೀಂ ಕೋರ್ಟ್ ಹೇಳಿತು. ಏನೇ ಇರಲಿ, ಆ ಹೆಸರು ಪುಕ್ಕಟೆಯಾಗಿ ಬಂದದ್ದಲ್ಲ, ದುಡಿದು ಗಳಿಸಿದ್ದು.

ಈಗ ಮಕ್ಕಳ ಕಥೆಗೆ ಬರೋಣ. ಬಂಗಾರಪ್ಪನವರು ಲೋಕಸಭೆಗೆ ಹೋದಾಗ ತೆರವಾದ ಸೊರಬದಿಂದ 1996ರಲ್ಲಿ ಹಿರಿಯ ಮಗ, ಚಿತ್ರನಟ ಕುಮಾರ್ ಬಂಗಾರಪ್ಪ ಗೆದ್ದರು. 1999ರಲ್ಲಿ ಪುನಃ ಗೆದ್ದರು. 2004ಕ್ಕೆ ಮನೆ ಒಡೆಯಿತು. ತಂದೆ ಬಿಜೆಪಿಯಿಂದ ಲೋಕಸಭೆಗೆ ಸ್ಪರ್ಧಿಸಿದರು, ಅದೇ ಪಕ್ಷದಿಂದ ಮಧು ಸೊರಬದಲ್ಲಿ ನಿಂತರು. ಎದುರಿಗಿದ್ದವರು ಕಾಂಗ್ರೆಸ್ಸಿನ ಕುಮಾರ್. ಅಣ್ಣ ಗೆದ್ದರು.

ಅಲ್ಲಿಂದ 2023ರವರೆಗಿನ ಐದೂ ಚುನಾವಣೆಗಳಲ್ಲಿ ಅಣ್ಣತಮ್ಮಂದಿರು ಎದುರಾಳಿಗಳು. 2008ರಲ್ಲಿ ಮಧು ಸಮಾಜವಾದಿ ಪಕ್ಷದಿಂದ, ಕುಮಾರ್ ಕಾಂಗ್ರೆಸ್ಸಿನಿಂದ ನಿಂತರು. ಗೆದ್ದದ್ದು ಬಿಜೆಪಿಯ ಹರತಾಳು ಹಾಲಪ್ಪ. 2013ರಲ್ಲಿ ಜೆಡಿಎಸ್ ಹುರಿಯಾಳಾಗಿ ಮಧು ಗೆದ್ದರು. 2018ರಲ್ಲಿ ಬಿಜೆಪಿಗೆ ಹೋಗಿದ್ದ ಕುಮಾರ್, ಜೆಡಿಎಸ್‌ನ ಮಧುವನ್ನು ಸೋಲಿಸಿದರು. 2021ರಲ್ಲಿ ಕಾಂಗ್ರೆಸ್ ಸೇರಿದ ಮಧು 2023ರಲ್ಲಿ 40 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಅಣ್ಣನನ್ನು ಮಣಿಸಿ, ರಾಜ್ಯದ ಶಾಲಾ ಶಿಕ್ಷಣ ಸಚಿವರಾದರು.

ಲೆಕ್ಕ ಹಾಕಿ ನೋಡಿ. ಐದು ಚುನಾವಣೆಗಳಲ್ಲಿ ಅಣ್ಣನಿಗೆ ಎರಡು, ತಮ್ಮನಿಗೆ ಎರಡು, ಹೊರಗಿನವರಿಗೆ ಒಂದು. 2004ರಲ್ಲಿ ಅಣ್ಣ ಕಾಂಗ್ರೆಸ್, ತಮ್ಮ ಬಿಜೆಪಿ. 2023ರಲ್ಲಿ ತಮ್ಮ ಕಾಂಗ್ರೆಸ್, ಅಣ್ಣ ಬಿಜೆಪಿ. ಸಹೋದರರು ಪಕ್ಷಗಳನ್ನೇ ಅದಲುಬದಲು ಮಾಡಿಕೊಂಡಿದ್ದರು.

ಇದರಿಂದ ತಿಳಿಯುವುದೇನು? ಹೆಸರು ಟಿಕೆಟ್ ಕೊಡಿಸುತ್ತದೆ, ಗೆಲುವನ್ನಲ್ಲ. ಸ್ವತಃ ಬಂಗಾರಪ್ಪನವರೇ 2008ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರೆದುರು, 2009ರ ಲೋಕಸಭಾ ಚುನಾವಣೆಯಲ್ಲಿ ಅವರ ಮಗ ರಾಘವೇಂದ್ರ ಅವರೆದುರು ಸೋತರು. 2011ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಲೋಕಸಭೆಗೆ ಮಧು 2018ರ ಉಪಚುನಾವಣೆಯಲ್ಲೂ 2019ರಲ್ಲೂ ಸೋತರು. ಸಹೋದರಿ ಗೀತಾ ಶಿವರಾಜ್‌ಕುಮಾರ್ 2014ರಲ್ಲಿ ಜೆಡಿಎಸ್‌ನಿಂದ, 2024ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತರು.

ಹಾಗಾದರೆ ಮತದಾರನೇ ದೊಡ್ಡವನಲ್ಲವೇ ಎಂದು ನೀವು ಕೇಳಬಹುದು. ಅರ್ಧ ಸತ್ಯ. ಸೋಲಿಸುವ ಅಧಿಕಾರ ಆತನ ಕೈಯಲ್ಲಿದೆ. ಆದರೆ ಆಯ್ಕೆಯ ಪಟ್ಟಿ ತಯಾರಾಗುವುದು ಬೇರೆಡೆ. ಒಂದೇ ಮನೆಯ ಇಬ್ಬರು ಎರಡು ಪ್ರಮುಖ ಪಕ್ಷಗಳ ಹುರಿಯಾಳುಗಳಾದರೆ, ವರ್ಷಗಟ್ಟಲೆ ಬಾವುಟ ಕಟ್ಟಿದ ಕಾರ್ಯಕರ್ತನಿಗೆ ಎಲ್ಲಿದೆ ಜಾಗ? 2024ರಲ್ಲಿ ಶಿವಮೊಗ್ಗದ ಮುಂದೆ ಎರಡು ದೊಡ್ಡ ಪಕ್ಷಗಳು ಇಟ್ಟದ್ದು ಒಬ್ಬ ಮಾಜಿ ಮುಖ್ಯಮಂತ್ರಿಯ ಮಗಳನ್ನು, ಇನ್ನೊಬ್ಬ ಮಾಜಿ ಮುಖ್ಯಮಂತ್ರಿಯ ಮಗನನ್ನು. ಇದು ಒಂದು ಪಕ್ಷದ, ಒಂದು ಮನೆಯ ದೋಷವಲ್ಲ. ಚುನಾವಣೆ ದುಬಾರಿಯಾದಷ್ಟೂ ಪಕ್ಷಗಳಿಗೆ ಪರಿಚಿತ ಹೆಸರೇ ಸುಲಭದ ದಾರಿ.

ಮಕ್ಕಳು ರಾಜಕೀಯಕ್ಕೆ ಬರಬಾರದೆಂದು ನಾನು ಹೇಳುತ್ತಿಲ್ಲ. ಮಧು ಸೋತು, ಗೆದ್ದು, ಮತ್ತೆ ಸೋತು ಗೆದ್ದವರು. ಅವರನ್ನು ಕೇವಲ ಮಗ ಎನ್ನುವುದು ಅನ್ಯಾಯ. ಅವರನ್ನು ಅಳೆಯಬೇಕಾದದ್ದು ಸರ್ಕಾರಿ ಶಾಲೆಗಳಿಗೆ ಅವರು ಮಾಡಿದ್ದರಿಂದ.

ಕೊನೆಯದಾಗಿ ಒಂದು ಮಾತು. ಕಾಗೋಡಿನ ಗೇಣಿದಾರರು ಕೇಳಿದ್ದು ಸರಳ ಪ್ರಶ್ನೆ: ಅಪ್ಪನಿಂದ ಬಂತು ಎಂಬ ಒಂದೇ ಕಾರಣಕ್ಕೆ ನೆಲ ಒಡೆಯನದೋ, ಅದರಲ್ಲಿ ಬೆವರು ಸುರಿಸಿದವನದೋ? ಆ ಪ್ರಶ್ನೆಯಿಂದ ಹುಟ್ಟಿದ ರಾಜಕಾರಣವೇ ಬಂಗಾರಪ್ಪನವರನ್ನು ಬೆಳೆಸಿತು. ಇಂದು ಅದೇ ಪ್ರಶ್ನೆಯನ್ನು ಹೊಲದ ಬದಲು ಕ್ಷೇತ್ರದ ಬಗ್ಗೆ ಕೇಳಬೇಕಾಗಿದೆ. ಈಗಷ್ಟೇ ಮತದಾನದ ಹಕ್ಕು ಪಡೆದಿರುವ ನಿಮ್ಮ ಬಾಯಲ್ಲೇ ಅದು ಮೊದಲು ಬರಲಿ.