ಕಸುಬಿನ ಶಾಲೆಯ ಹಿರಿತನ

ಹತ್ತನೆಯ ತರಗತಿ ಮುಗಿಸಿದ ಹುಡುಗನೊಬ್ಬ ಕಾಲೇಜಿನ ದಾರಿ ಬಿಟ್ಟು ಕಸುಬಿನ ದಾರಿ ಹಿಡಿದರೆ, 'ಪಾಪ, ಓದು ತಲೆಗೆ ಹತ್ತಲಿಲ್ಲ' ಎಂದು ಮರುಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಸುಬು ಕಲಿಸುವ ಶಾಲೆಗಳ ದೈನ್ಯಕ್ಕೆ ಅರ್ಧ ಕಾರಣ ಈ ಮರುಕದಲ್ಲಿಯೇ ಅಡಗಿದೆ. ಉಳಿದ ಅರ್ಧಕ್ಕೆ ಹೊಣೆಗಾರರು ಅವುಗಳನ್ನು ನಡೆಸಿದ ನಾವು. ಬಳ್ಳಾರಿ ಸೀಮೆಯಲ್ಲಿ ಬಹುಕಾಲ ಫಿಟ್ಟರ್ ವಿಭಾಗದ ಬೋಧಕನಾಗಿ, ಕಡೆಯ ಕೆಲವು ವರ್ಷ ಪ್ರಭಾರ ಪ್ರಾಂಶುಪಾಲನಾಗಿ ದುಡಿದ ನಾನು, ಆ ಎರಡನೆಯ ಅರ್ಧವನ್ನು ಕುರಿತೇ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮದು ಕಸುಬಿಗೆ ಬಡತನವಿರುವ ಸೀಮೆಯಲ್ಲ. ಸಿರುಗುಪ್ಪದ ಕಡೆ ತುಂಗಭದ್ರೆಯ ನೀರು ಹರಿಯುತ್ತದೆ. ನೀರಿದ್ದಲ್ಲಿ ಭತ್ತ, ಭತ್ತವಿದ್ದಲ್ಲಿ ಅಕ್ಕಿಗಿರಣಿ. ಕುರುಗೋಡಿನ ಸುತ್ತಲಿನ ಹೊಲಗಳಲ್ಲಿ ಮೆಣಸಿನಕಾಯಿ, ಹತ್ತಿ; ಅವುಗಳೊಂದಿಗೆ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಅವುಗಳ ರಿಪೇರಿ. ಇನ್ನು ಬಳ್ಳಾರಿ ನಗರದ ಓಣಿಗಳಲ್ಲಿ ಹೊಲಿಗೆಯಂತ್ರಗಳ ಸದ್ದು ಕೇಳುತ್ತ ನಡೆದರೆ ಸಾಕು, ಜೀನ್ಸ್ ಉಡುಪಿಗೆ ಈ ಊರು ಹೇಗೆ ಹೆಸರಾಯಿತೆಂಬುದು ತಿಳಿಯುತ್ತದೆ. ಕೆಲಸ ಬಲ್ಲ ಕೈಗಾಗಿ ಈ ಮೂರೂ ಊರುಗಳು ಕಾದಿವೆ. ಆದರೂ ನಮ್ಮ ಶಾಲೆಗಳಿಂದ ಪ್ರಮಾಣಪತ್ರ ಹಿಡಿದು ಬಂದ ಹುಡುಗ ಗಿರಣಿಯ ಬಾಗಿಲಲ್ಲಿ ನಿಂತರೆ, ಮಾಲೀಕ ಮೊದಲು ಪತ್ರವನ್ನು ನೋಡುವುದಿಲ್ಲ. 'ಯಾರ ಕೈಕೆಳಗೆ ಕೆಲಸ ಮಾಡಿದ್ದೀ?' ಎಂದು ಕೇಳುತ್ತಾನೆ. ಆ ಪ್ರಶ್ನೆಯಲ್ಲಿ ನಮ್ಮ ಮೇಲಿನ ಒಂದು ತೀರ್ಪು ಇದೆ.

ಕುಶಲಕರ್ಮಿಗಳ ತರಬೇತಿ ಯೋಜನೆ ದೇಶದಲ್ಲಿ ಆರಂಭವಾದುದು 1950ರಲ್ಲಿ. ಕಲಿಯುವವನಿಗೆ ಕಾರ್ಖಾನೆಯಲ್ಲಿಯೂ ಎಡೆ ದೊರೆಯಬೇಕೆಂದು ಅಪ್ರೆಂಟಿಸ್ ಕಾಯಿದೆ 1961ರಲ್ಲಿ ಬಂದಿತು. 2007-08ರಲ್ಲಿ 1396 ಸರ್ಕಾರಿ ಐ.ಟಿ.ಐ.ಗಳ ಆಡಳಿತಕ್ಕೆ ಉದ್ಯಮಿಗಳನ್ನೂ ಸೇರಿಸಿಕೊಂಡು ಸಮಿತಿಗಳನ್ನು ರಚಿಸಿ, ಸಂಸ್ಥೆಯೊಂದಕ್ಕೆ 2.5 ಕೋಟಿ ರೂಪಾಯಿಯವರೆಗೆ ಬಡ್ಡಿಯಿಲ್ಲದ ಸಾಲವನ್ನು ಕೊಡುವ ಯೋಜನೆಯಾಯಿತು. 2022ರಲ್ಲಿ ನಮ್ಮ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳು 4,600 ಕೋಟಿಗೂ ಮೀರಿದ ವೆಚ್ಚದಲ್ಲಿ ಹೊಸ ಯಂತ್ರಗಳನ್ನು ಕಂಡವು. ಇದನ್ನೆಲ್ಲ ಹಗುರವಾಗಿ ಕಾಣುವವನು ನಾನಲ್ಲ. ಆದರೆ ಯಂತ್ರವನ್ನು ಟೆಂಡರು ಕರೆದು ತರಿಸಬಹುದು. ಅದರ ಮುಂದೆ ಹುಡುಗನನ್ನು ನಿಲ್ಲಿಸಿ, 'ಮುಟ್ಟು, ಕೆಟ್ಟರೆ ನಾನಿದ್ದೇನೆ' ಎನ್ನುವ ಹಿರಿಯನನ್ನು ಟೆಂಡರು ಕರೆದು ತರಿಸಲಾಗದು. ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ನನ್ನ ತಪ್ಪಿನಿಂದ ಕಲಿತೆ.

ನಾನು ಪ್ರಭಾರ ವಹಿಸಿಕೊಂಡ ವರ್ಷವೇ ನಮ್ಮ ಸಂಸ್ಥೆಗೆ ಹೊಸದೊಂದು ಲೇತ್ ಯಂತ್ರ ಬಂದಿತು. 'ಪ್ರಭಾರ' ಎಂಬ ಶಬ್ದದ ಗುಣವನ್ನು ಬಲ್ಲವರು ಬಲ್ಲರು. ಕುರ್ಚಿ ನಮ್ಮದಲ್ಲ, ಆದರೆ ಕುರ್ಚಿಯ ಮೇಲೆ ಬೀಳುವ ದೋಷವೆಲ್ಲ ನಮ್ಮದು. ಇಂದು ಇದ್ದವನು ನಾಳೆ ಇರುವನೋ ಇಲ್ಲವೋ. ಹೀಗಿರುವಾಗ ಸಾಮಾನಿನ ಪಟ್ಟಿ ಸರಿಯಾಗಿದ್ದರೆ ಸಾಕೆಂಬ ಬುದ್ಧಿ ತಾನಾಗಿಯೇ ಬೆಳೆಯುತ್ತದೆ. ಯಂತ್ರ ಕೆಟ್ಟರೆ ವಿವರಣೆ ಬರೆಯಬೇಕು. ಬಳಸದೆ ಇಟ್ಟರೆ ಯಾರೂ ಕೇಳುವುದಿಲ್ಲ. ನಾನು ಅದಕ್ಕೆ ಒಂದು ಹೊದಿಕೆ ಹೊಲಿಸಿದೆ. ಹುಡುಗರು ಅದರ ಚಿತ್ರವನ್ನು ಬರೆದರು, ಭಾಗಗಳ ಹೆಸರನ್ನು ಬಾಯಿಪಾಠ ಮಾಡಿದರು. ತಪಾಸಣೆಗೆ ಬಂದವರು ಯಂತ್ರದ ಹೊಳಪನ್ನು ಮೆಚ್ಚಿ ಬರೆದುಹೋದರು. ಆ ಮೆಚ್ಚುಗೆಯ ಪ್ರತಿಯನ್ನು ಬಹಳ ದಿನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ.

ಆ ವರ್ಷ ಕುರುಗೋಡಿನ ಕಡೆಯ ಹುಡುಗನೊಬ್ಬ ತರಗತಿಗೆ ಮೊದಲಿಗನಾಗಿ ತೇರ್ಗಡೆಯಾದ. ಸಿರುಗುಪ್ಪದ ಅಕ್ಕಿಗಿರಣಿಯೊಂದರಲ್ಲಿ ಕೆಲಸ ಕೊಡಿಸಿದವನೂ ನಾನೇ. ಕೆಲವು ತಿಂಗಳ ಮೇಲೆ ಆ ದಾರಿಯಾಗಿ ಹೋದಾಗ, ಹೆಮ್ಮೆಯಿಂದ ಗಿರಣಿಯ ಒಳಕ್ಕೆ ಕಾಲಿಟ್ಟೆ. ಹುಡುಗ ಹಿತ್ತಲಿನಲ್ಲಿ ಹೊಟ್ಟು ತುಂಬುತ್ತಿದ್ದ.

ಭತ್ತದ ಸಿಪ್ಪೆ ಬಿಡಿಸುವ ಯಂತ್ರದಲ್ಲಿ ಎರಡು ರಬ್ಬರಿನ ಉರುಳೆಗಳಿರುತ್ತವೆ. ಅವು ಒಂದಕ್ಕೊಂದು ಎದುರಾಗಿ ತಿರುಗುತ್ತವೆ, ವೇಗ ಮಾತ್ರ ಬೇರೆ ಬೇರೆ. ಆ ವೇಗದ ವ್ಯತ್ಯಾಸದಿಂದಲೇ ಸಿಪ್ಪೆ ಕಳಚುತ್ತದೆ. ನಡುವಿನ ಸಂದು ಹೆಚ್ಚಾದರೆ ಭತ್ತ ಭತ್ತವಾಗಿಯೇ ಕೆಳಗಿಳಿಯುತ್ತದೆ. ಕಡಿಮೆಯಾದರೆ ಅಕ್ಕಿ ಮುರಿದು ನುಚ್ಚಾಗುತ್ತದೆ. ರಬ್ಬರು ಸವೆದಂತೆಲ್ಲ ಸಂದನ್ನು ಸರಿಪಡಿಸುತ್ತಲೇ ಇರಬೇಕು. ಭತ್ತದ ತೇವ ಶೇಕಡಾ 14ರ ಆಸುಪಾಸಿನಲ್ಲಿದೆಯೋ ಇಲ್ಲವೋ ಎಂಬುದನ್ನು ಗಿರಣಿಯ ಮುದಿ ಮೇಸ್ತ್ರಿ ಕಾಳನ್ನು ಹಲ್ಲಿನಲ್ಲಿ ಕಡಿದೇ ಅಂದಾಜು ಮಾಡುತ್ತಿದ್ದ. ಅವನು ನನ್ನನ್ನು ಪಕ್ಕಕ್ಕೆ ಕರೆದು, ಹುಡುಗನಿಗೆ ಕೇಳಿಸದಂತೆ ಹೇಳಿದ: "ಹುಡುಗ ಚಲೋ ಅದಾನ್ರೀ ಸಾರ್. ಬರಿಯಾಕ ಬರ್ತೈತಿ, ಓದಾಕ ಬರ್ತೈತಿ. ಮಷೀನ್ ಮುಟ್ಟಾಕ ಮಾತ್ರ ಅಂಜ್ತಾನ. ಯಾರೋ ಅಂಜಿಸಿ ಕಳಿಸ್ಯಾರ."

ಅಂಜಿಸಿ ಕಳಿಸಿದವನು ಅವನ ಎದುರಿನಲ್ಲಿಯೇ ನಿಂತಿದ್ದೆ.

ಹಿಂದಿರುಗಿದ ಮಾರನೆಯ ದಿನ ಹೊದಿಕೆಯನ್ನು ತೆಗೆಸಿದೆ. ಮೇಸ್ತ್ರಿಯೇ ವಾರಕ್ಕೊಂದು ದಿನ ಬಂದು ನಮ್ಮ ಹುಡುಗರಿಗೆ ಕಲಿಸಲೆಂದು ಕಡತ ಕಳಿಸಿದೆ. ಅವನಿಗೆ ಪ್ರಮಾಣಪತ್ರವಿಲ್ಲವಾದುದರಿಂದ ಗೌರವಧನ ಕೊಡಲಾಗದೆಂದು ಕಡತ ಮರಳಿ ಬಂದಿತು. ಕೆಲಸದಲ್ಲಿಯೇ ಕಲಿತ ವಿದ್ಯೆಯನ್ನು ಪರೀಕ್ಷಿಸಿ ಮನ್ನಣೆ ಕೊಡುವ ಏರ್ಪಾಡು 2015ರ ಕೌಶಲ ಯೋಜನೆಯಲ್ಲಿ ಸೇರಿತು. ಅಷ್ಟು ಹೊತ್ತಿಗೆ ಮೇಸ್ತ್ರಿ ಇರಲಿಲ್ಲ. ಅವನು ಬರಲಾಗದಿದ್ದರೆ ನಾವೇ ಹೋಗೋಣವೆಂದು, ಗಿರಣಿಗೆ ಬಿಡುವಿದ್ದ ದಿನಗಳಲ್ಲಿ ಹುಡುಗರನ್ನು ಕರೆದುಕೊಂಡು ಹೋದೆ. ಮೊದಲನೆಯ ಸಲವೇ ಒಬ್ಬ ಬೇರಿಂಗನ್ನು ಹಾಳು ಮಾಡಿದ. ಅದರ ಬೆಲೆಯನ್ನು ನಾನು ಕೊಟ್ಟೆ. ಆಮೇಲೆ ನಮ್ಮ ಲೇತ್‌ನ ಮೇಲೂ ಒಂದೆರಡು ಅನಾಹುತಗಳಾದವು. ಅವುಗಳ ವಿವರಣೆಯಲ್ಲಿ ಹುಡುಗರ ಹೆಸರಿನ ಬದಲು ನನ್ನ ಹೆಸರನ್ನು ಬರೆದೆ. ತಪಾಸಣೆಯ ವರದಿ ಆ ವರ್ಷ ಅಷ್ಟು ಸಿಹಿಯಾಗಿರಲಿಲ್ಲ. ಆದರೆ ಕಾರ್ಯಾಗಾರದಲ್ಲಿ ಮೊದಲ ಬಾರಿಗೆ ಸದ್ದು ಕೇಳಿಸಿತು.

ಹಿರಿತನವೆಂದರೆ ದೊಡ್ಡ ದೊಡ್ಡ ಯೋಜನೆಗಳೇ ಆಗಬೇಕಿಲ್ಲ. ನನಗೆ ಪರಿಚಯವಿದ್ದ ಪ್ರಾಂಶುಪಾಲೆಯೊಬ್ಬರು, ತಮ್ಮ ಸಂಸ್ಥೆಯ ಹೆಣ್ಣುಮಕ್ಕಳು ಮಧ್ಯಾಹ್ನದ ಪ್ರಾಯೋಗಿಕ ತರಗತಿಗೆ ನಿಲ್ಲದಿರುವುದನ್ನು ಕಂಡು, ಹಾಜರಿಯ ನೋಟೀಸು ಅಂಟಿಸಲಿಲ್ಲ, ಕಾರಣ ವಿಚಾರಿಸಿದರು. ಊರಿನ ಬಸ್ಸು ತರಗತಿ ಮುಗಿಯುವ ಮುನ್ನವೇ ಹೊರಡುತ್ತಿತ್ತು. ಅವರು ಬಸ್ ಡಿಪೋಗೆ ನಾಲ್ಕಾರು ಸಲ ಹೋಗಿ ಬಂದರು. ಬಸ್ಸಿನ ವೇಳೆ ಬದಲಾಗಲಿಲ್ಲ. ಆಗ ತಮ್ಮ ವೇಳಾಪಟ್ಟಿಯನ್ನೇ ಮಗುಚಿ, ಪ್ರಾಯೋಗಿಕವನ್ನು ಬೆಳಿಗ್ಗೆಗೆ ತಂದರು. ಹೆಣ್ಣುಮಕ್ಕಳು ನಿಂತರು. ಗುಣಮಟ್ಟವೆಂಬ ಭಾರವಾದ ಶಬ್ದಕ್ಕೆ ಇದಕ್ಕಿಂತ ಸರಳವಾದ ಅರ್ಥವನ್ನು ನಾನು ಕಂಡಿಲ್ಲ.

ಹೀಗೆಂದು ಎಲ್ಲವನ್ನೂ ವ್ಯಕ್ತಿಯ ಒಳ್ಳೆಯತನಕ್ಕೆ ಬಿಟ್ಟರೂ ಆಗದು. ಒಳ್ಳೆಯವನಿಗೂ ನೆಲೆ ಬೇಕು. ಕಸುಬಿನ ಶಾಲೆಗೆ ಪ್ರಭಾರದವನಲ್ಲದ, ಕೆಲವು ವರ್ಷವಾದರೂ ನಿಲ್ಲುವ ಪ್ರಾಂಶುಪಾಲನಿರಲಿ. ಕಬ್ಬಿಣದ ತುಂಡು, ಅರ, ಎಣ್ಣೆ, ಬಟ್ಟೆ ಮುಂತಾಗಿ ಕಲಿಯುವಾಗ ಹಾಳಾಗಲೇಬೇಕಾದ ಸಾಮಗ್ರಿಗೆ ಅವನ ಕೈಯಲ್ಲಿ ಹಣವಿರಲಿ. ಗಿರಣಿಯ ಮಾಲೀಕ, ಜೀನ್ಸ್ ಹೊಲಿಸುವವನು, ಟ್ರ್ಯಾಕ್ಟರ್ ರಿಪೇರಿಯವನು ಉದ್ಘಾಟನೆಯ ದಿನ ಹಾರಕ್ಕೆ ಮಾತ್ರ ಬಾರದೆ, ಏನು ಕಲಿಸಬೇಕೆಂಬ ಚರ್ಚೆಗೂ ಬರಲಿ. ಎಷ್ಟು ಮಂದಿ ತೇರ್ಗಡೆಯಾದರು ಎಂಬುದರ ಜೊತೆಗೆ, ಎರಡು ವರ್ಷದ ಮೇಲೆ ಅವರು ಎಲ್ಲಿದ್ದಾರೆ ಎಂಬುದನ್ನೂ ಶಾಲೆ ವಿಚಾರಿಸಲಿ.

ಇಂಥ ವಿಚಾರಣೆಗೆಂದು ನಿವೃತ್ತಿಗೆ ಮೊದಲು ನಾನೊಂದು ನೋಟುಪುಸ್ತಕವಿಟ್ಟೆ. ಈಗಲೂ ಅದು ನನ್ನ ಬಳಿ ಇದೆ. ಸ್ವಂತ ವೆಲ್ಡಿಂಗ್ ಅಂಗಡಿ ಇಟ್ಟವರ ಹೆಸರುಗಳುಂಟು; ಗಿರಣಿಯಲ್ಲಿ ಮೇಸ್ತ್ರಿಯಾದವನದೂ ಉಂಟು. ಮೊದಲ ಪುಟದ ಮೊದಲ ಹೆಸರು ಕುರುಗೋಡಿನ ಆ ಹುಡುಗನದು. ಅವನು ಮರುವರ್ಷವೇ ಗಿರಣಿ ಬಿಟ್ಟು ಬೆಂಗಳೂರಿಗೆ ಹೋದ. ಅವನ ಹೆಸರಿನ ಮುಂದೆ 'ಕಟ್ಟಡವೊಂದರ ಕಾವಲುಗಾರ' ಎಂದು ಬರೆದಿದ್ದೇನೆ. ಅದು ಹೀನ ಕೆಲಸವೆಂದು ನಾನು ಹೇಳುತ್ತಿಲ್ಲ. ಆದರೆ ತರಗತಿಯ ಮೊದಲಿಗನಿಗೆ ನಾವು ಎರಡು ವರ್ಷ ಕಲಿಸಿದ್ದು ಅದನ್ನಲ್ಲ.

ನಿಮ್ಮೂರಿನಲ್ಲಿಯೂ ಇಂಥದೊಂದು ಶಾಲೆ ಇದ್ದೀತು. ಒಮ್ಮೆ ಅದರ ಅಂಗಳಕ್ಕೆ ಹೋಗಿ ನೋಡಿ. ಕಟ್ಟಡದ ಬಣ್ಣವನ್ನು ನೋಡಬೇಡಿ. ಒಳಗಿನ ಯಂತ್ರಗಳ ಮೇಲೆ ಹೊದಿಕೆ ಇದೆಯೇ ಎಂಬುದನ್ನು ನೋಡಿ. ಇದ್ದರೆ, ಏಕೆಂದು ಕೇಳಿ. ಕೇಳುವವರಿದ್ದಾರೆಂದು ತಿಳಿದರೆ ತೆಗೆಯುವವರೂ ಹುಟ್ಟಿಕೊಳ್ಳುತ್ತಾರೆ. ನನ್ನನ್ನು ಯಾರೂ ಕೇಳಲಿಲ್ಲ; ಒಬ್ಬ ಮೇಸ್ತ್ರಿ ಕೇಳಿದ, ಅಷ್ಟು ಹೊತ್ತಿಗೆ ಒಬ್ಬ ಹುಡುಗನ ಪಾಲಿಗೆ ತಡವಾಗಿತ್ತು.